ಗೇಟಿನ ಈಚೆ

ಅವಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ, ಗಂಡ ಅಡಗಿದ್ದ. ಸೇನೆಯ ಲಾರಿ ಚಾಲಕ. ಮುಷ್ಕರ ಹೂಡಿದ ಗಿರಣಿಯ ಬಾಗಿಲಿಗೆ ಸಿಪಾಯಿಗಳನ್ನು ಹೊತ್ತೊಯ್ದವನು, ಅವರು ಗುಂಡು ಹಾರಿಸಿದ್ದನ್ನು ಲಾರಿಯ ಕನ್ನಡಿಯಲ್ಲಿ ಕಂಡವನು, ರಜೆಗೆಂದು ಬಂದು ವಾಪಸು ಹೋಗಿರಲಿಲ್ಲ.

ಅವಳ ಅಣ್ಣ ಮಿಲಿಟರಿ ಪೊಲೀಸಿನಲ್ಲಿ ಹವಾಲ್ದಾರ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳದೇ ಸೀಮೆಸುಣ್ಣದಿಂದ ನಾಲ್ಕು ಚೌಕ ಗೀಚಿದ.

"ನೋಡು ತಂಗಿ, ಇದು ನಮ್ಮ ಬೆಟಾಲಿಯನ್. ಈ ಕಂಪನಿ ಸೇನೆ ಗಾಡಿಗಳಿಗೆ ದಾರಿ ಬಿಡಿಸೋದು. ಇದು ಜೈಲು ಕಾಯೋದು. ಇದು ಯುದ್ಧದಲ್ಲಿ ಸೆರೆಸಿಕ್ಕೋರನ್ನ ನೋಡ್ಕೊಳ್ಳೋದು. ಕೊನೇದು, ಓಡಿಹೋದೋರನ್ನ ಹಿಡಿಯೋದು. ನಾನಿರೋದು ಮೊದಲನೇದ್ರಲ್ಲಿ. ಸರ್ಕಲ್ಲಲ್ಲಿ ನಿಂತು ಕೈ ಬೀಸೋನು."

"ಅಂತೂ ನಿನ್ನ ಕೈಗೂ ಒಂದು ಕೆಲಸ ಸಿಕ್ತಲ್ಲ," ಅಂದಳು. ಥಾನುಗಳ ಹಿಂದೆ ಗಂಡ ನಕ್ಕದ್ದು ಕೇಳಿಸಿತು.

"ತಮಾಷೆ ಬಿಡು. ಕ್ಯಾಂಪಿನ ಗೇಟು ದಾಟಿ ತಾನಾಗೇ ಒಳಗೆ ಹೋದ್ರೆ ಶರಣಾದ ಅಂತ. ಬೈತಾರೆ, ಸಂಬಳ ಮುರೀತಾರೆ, ಮುಗೀತು. ಗೇಟಿನ ಈಚೆ ಹಿಡಿದ್ರೆ ವರ್ಷಗಟ್ಟಲೆ ಜೈಲು. ಭಾವನ್ನ ನಾನೇ ಕರ್ಕೊಂಡು ಹೋಗ್ತೀನಿ. ನಾನು ಜೊತೆಗಿದ್ರೆ ಹಿಡಿಯೋರು ಹತ್ರ ಸುಳಿಯಲ್ಲ."

ಗಂಡ ಸುಲಭಕ್ಕೆ ಒಪ್ಪಲಿಲ್ಲ. "ನಮ್ಮಣ್ಣ ಕಣ್ರೀ," ಅಂದಳು ಅವಳು. ಆ ಮಾತಿನ ಮೇಲೆ ಒಪ್ಪಿದ.

ಮರುದಿನ ಬೆಳಿಗ್ಗೆ ಮೂವರೂ ಹೊರಟರು. ಗಂಡನ ಸಮವಸ್ತ್ರಕ್ಕೆ ಅವಳೇ ಇಸ್ತ್ರಿ ಹಾಕಿದ್ದಳು. ಕ್ಯಾಂಪಿನ ಉದ್ದನೆಯ ಗೋಡೆ ಮುಗಿದು ಗೇಟು ಕಾಣಿಸಿತು. ಕಾವಲಿನವನು ಅಡ್ಡಕಂಬ ಎತ್ತಲು ಕೈ ಹಾಕಿದ. ಗಂಡ ಟೋಪಿ ಸರಿಮಾಡಿಕೊಂಡು ಹೆಜ್ಜೆ ಬಿರುಸು ಮಾಡಿದ.

"ಭಾವ, ಒಂದ್ನಿಮಿಷ," ಅಂದ ಅಣ್ಣ.

ಗಂಡ ನಿಂತು ತಿರುಗಿದ. ಕೈಗೆ ಬೇಡಿ ಬಿತ್ತು.

ಅವನು ಅಣ್ಣನನ್ನು ನೋಡಲಿಲ್ಲ, ಅವಳನ್ನು ನೋಡಿದ. ನೀನೂ ಇದರಲ್ಲಿದ್ದೀಯಾ ಎಂದು ಕೇಳುವ ನೋಟ. ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣನೂ ಗೇಟಿನ ಸಿಪಾಯಿಗಳೂ ಅವನನ್ನು ಒಳಕ್ಕೆ ಎಳೆದೊಯ್ದರು. ಗುಂಡು ಹಾರಿಸಿದವರು ಅದೇ ಗೇಟಿನೊಳಗೆ ಆರಾಮಾಗಿ ತಿಂಡಿ ತಿನ್ನುತ್ತಿದ್ದರು. ಗುಂಡು ಹಾರಿದ್ದನ್ನು ಕಂಡು ತಡೆದುಕೊಳ್ಳಲಾರದವನಿಗೆ ಬೇಡಿ. ತೊಡಿಸಿದವನು ಅವಳ ಒಡಹುಟ್ಟಿದವನೇ.

ಅಣ್ಣ ಹೊರಗೆ ಬಂದ. "ಹೋದ ವಾರವೇ ನನ್ನನ್ನ ಹಿಡಿಯೋ ಕಂಪನಿಗೆ ಹಾಕಿದ್ರು. ತಾನಾಗೇ ಬಂದೋರು ನಮ್ಮ ಲೆಕ್ಕಕ್ಕಿಲ್ಲ. ಒಬ್ಬನನ್ನೂ ಹಿಡಿದಿಲ್ಲ ಅಂತ ಸಾಹೇಬ್ರು ದಿನಾ ಉಗೀತಿದ್ರು."

"ಇದನ್ನ ನಿನ್ನೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಕಳಿಸ್ತಿದ್ಯಾ? ಅಂಗಡೀಲೇ ಹಿಡಿದಿದ್ರೆ ಬಚ್ಚಿಟ್ಟಿದ್ದಕ್ಕೆ ನಿನ್ನನ್ನೂ ಒಯ್ತಿದ್ರು. ನಿನ್ನನ್ನ ಉಳಿಸ್ದೆ ಅನ್ಕೋ."

ಅವಳು ಅವನನ್ನು ದಾಟಿ ಕಾವಲಿನವನ ಹತ್ತಿರ ಹೋದಳು. "ಅವರ ಹತ್ರ ಒಂದೇ ಒಂದು ಮಾತಾಡ್ಬೇಕು."

"ಇವತ್ತು ಬಿಡಲ್ಲಮ್ಮ."

"ಹಾಗಾದ್ರೆ ನೀವೇ ಹೇಳಿ. ಹೆಂಡ್ತಿಗೆ ಗೊತ್ತಿರ್ಲಿಲ್ಲ ಅಂತ."

ಕಾವಲಿನವನು ಹವಾಲ್ದಾರನ ಮುಖ ನೋಡಿದ.

"ನಾನೇ ಹೇಳ್ತೀನಿ, ನೀನು ಮನೆಗೆ ನಡಿ," ಅಂದ ಅಣ್ಣ.

"ಬೇಡ. ನಿನ್ನ ಬಾಯಿಂದ ಬಂದ್ರೆ ಅದೂ ಸುಳ್ಳಾಗುತ್ತೆ," ಅಂದು ಅವಳು ಗೇಟಿನ ಮುಂದೆಯೇ ಕುಳಿತಳು.