ಪಡುಬೈಲಿನ ಎರಡನೇ ಬೆಳೆ

ಹೇಮಾಕ್ಷಿ ಬಲ್ಮಠದ ಕೃಷಿ ವಿಸ್ತರಣಾ ಕಚೇರಿಗೆ ಗ್ರಾಮಸೇವಿಕೆಯಾಗಿ ಸೇರಿದ್ದು ಎಪ್ಪತ್ತೇಳರಲ್ಲಿ. ಕೆಲಸ ತಾತ್ಕಾಲಿಕ. ಆರು ತಿಂಗಳಿಗೊಮ್ಮೆ ಮುಂದುವರಿಸುವ ಆದೇಶ ಬಂದರೆ ಉಂಟು, ಇಲ್ಲದಿದ್ದರೆ ಮನೆ. ಅವಳ ಪಾಲಿಗೆ ಬಂದ ಊರುಗಳಲ್ಲಿ ಕಾವೂರಿನಿಂದ ಕೆಳಗೆ ಹೊಳೆಬದಿಗಿದ್ದ ಪಡುಬೈಲು ಯಾರಿಗೂ ಬೇಡದ ಜಾಗ. ಮಳೆಗಾಲದ ಏಣೆಲು ಬೆಳೆ ಕೊಯ್ದದ್ದೇ ತಡ, ಸಮುದ್ರದ ಭರತದ ನೀರು ಹೊಳೆ ಸೇರುವ ತೋಡಿನಲ್ಲಿ ಏರಿಬಂದು ಗದ್ದೆಗೆ ಉಪ್ಪು ಹಿಡಿಸುತ್ತಿತ್ತು. ಮತ್ತೆ ಮಳೆ ಬೀಳುವವರೆಗೆ ನಲವತ್ತೊಂದು ಮನೆಯವರು ಬೀಡಿ ಕಟ್ಟಿ, ಹಂಚಿನ ಕಾರ್ಖಾನೆಗೆ ಹೋಗಿ ದಿನ ದೂಡಬೇಕು.

ತೋಡಿನ ಬಾಯಿಗೊಂದು ಕಟ್ಟ ಕಟ್ಟಿ ಹಲಗೆ ಇಳಿಸಿದರೆ ಉಪ್ಪುನೀರು ನಿಲ್ಲುತ್ತದೆ ಎಂಬುದು ಊರಿನ ಹಿರಿಯರಿಗೆಲ್ಲ ಗೊತ್ತಿದ್ದದ್ದೇ. ಆದರೆ ಬೈಲಿನ ಮೇಲಿನವರಿಗೂ ಕೆಳಗಿನವರಿಗೂ ಮಾತಿಲ್ಲದೆ ಹನ್ನೆರಡು ವರ್ಷವಾಗಿತ್ತು. ಹೇಮಾಕ್ಷಿ ಎರಡೂ ಕಡೆಯ ಮನೆಗಳನ್ನು ಅಡುಗೆಮನೆಯ ಬಾಗಿಲಿನಿಂದ ಹೊಕ್ಕಳು. ಮಡಿಲಲ್ಲಿ ಬೀಡಿಯ ಸೂಪು, ಎಲೆ ತುಂಬಿದ ಮೊರ, ಹಿಡಿದು ಕೂತ ಹೆಂಗಸರ ಪಕ್ಕ ತಾನೂ ಕೂತು ನಾಲ್ಕು ಎಲೆ ಸುತ್ತಿದಳು. ಕೆಳಬೈಲಿನ ಕುಶಲಕ್ಕ ಐವತ್ತು ದಾಟಿದ ವಿಧವೆ, ಗಂಡಸರನ್ನೂ ಗದರಿಸಬಲ್ಲವಳು. ಅವಳು ಒಪ್ಪಿದ ಮೇಲೆ ಮೇಲ್ಬೈಲಿನ ಮಮ್ಮು ಬ್ಯಾರಿ ಒಪ್ಪಿದರು. ಅವರಿಬ್ಬರೂ ಒಂದೇ ಜಗಲಿಯಲ್ಲಿ ಕೂತದ್ದನ್ನು ಕಂಡು ಉಳಿದವರಿಗೆ ಬೇರೆ ದಾರಿ ಇರಲಿಲ್ಲ.

ಕಚೇರಿಯೂ ಕೈಜೋಡಿಸಿತು. ಹಿರಿಯ ಗ್ರಾಮಸೇವಕ ಗುರುವಪ್ಪ ಬೈಲಿನ ನಕ್ಷೆ ಬರೆದು, ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ಗೊತ್ತುಮಾಡಿದ. ಡ್ರೈವರ್ ಅಲೆಕ್ಸ್ ಯಾರನ್ನೂ ಕೇಳದೆ ಸರಕಾರಿ ಜೀಪಿನಲ್ಲಿ ಕಟ್ಟಕ್ಕೆ ಬೇಕಾದ ಮುರಕಲ್ಲು ಹೇರಿದ. ಅಧಿಕಾರಿ ಮೋಹನದಾಸರು ದೊಡ್ಡ ಮನೆತನದವರು, ಒಗೆದ ಬಿಳಿ ಪ್ಯಾಂಟು ಬಿಟ್ಟು ಬೇರೆ ಹಾಕುವವರಲ್ಲ. ಅವರೂ ಒಂದು ಭಾನುವಾರ ಮೊಣಕಾಲಿನವರೆಗೆ ಕೆಸರಿಗಿಳಿದರು. ಎಪ್ಪತ್ತೆಂಟರ ನವೆಂಬರಿನಲ್ಲಿ ಕಟ್ಟ ನಿಂತಿತು. ಮರುವರ್ಷ, ಮಳೆಗಾಲ ಗದ್ದೆಯ ಉಪ್ಪನ್ನೆಲ್ಲ ತೊಳೆದ ಮೇಲೆ, ಪಡುಬೈಲಿನಲ್ಲಿ ಮೊದಲ ಬಾರಿ ಎರಡನೇ ಬೆಳೆ, ಸುಗ್ಗಿ ಬೆಳೆ, ನಾಟಿಯಾಯಿತು. ಅದು ಹಸಿರೇರಿದ ದಿನ ಕುಶಲಕ್ಕ ಗದ್ದೆಯ ಅಂಚಿನಲ್ಲಿ ಸುಮ್ಮನೆ ಕೂತಿದ್ದಳು. ಯಾಕೆಂದು ಕೇಳಿದರೆ, ನೋಡಲಿಕ್ಕೆ ಎಂದಳು. ಜಿಲ್ಲೆಯ ಒಳ್ಳೆಯ ಕಚೇರಿ ಎಂದು ಬಹುಮಾನ ಬಂತು, ಪೇಪರಿನಲ್ಲಿ ಕಚೇರಿಯ ನಾಲ್ವರ ಫೋಟೋ ಬಂತು.

ಮೂರು ಸುಗ್ಗಿ ಚೆನ್ನಾಗಿಯೇ ಆಯಿತು.

ಎಂಬತ್ತೆರಡರ ಕೊನೆಗೆ ಒಂದು ಕಂಪೆನಿಯ ಕ್ವಾರ್ಟರ್ಸಿಗೆ ಜಾಗ ಬೇಕೆಂದು ಪಡುಬೈಲಿನ ಸರ್ವೆ ನಡೆಯಿತು. ಎರಡು ಬೆಳೆಯ ಗದ್ದೆಯನ್ನು ಸುಲಭಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎಂಬುದು ಊರವರ ಧೈರ್ಯ. ಎರಡು ಬೆಳೆ ಉಂಟೋ ಇಲ್ಲವೋ ಎಂದು ವರದಿ ಕೊಡಬೇಕಾದದ್ದು ಕೃಷಿ ಕಚೇರಿ. ಹಾಗಾದರೆ ಭಯವಿಲ್ಲ ಎಂದು ಮಮ್ಮು ಬ್ಯಾರಿ ಎಲ್ಲರಿಗೂ ಹೇಳಿದರಂತೆ. ನಮ್ಮ ಹೇಮಕ್ಕ ಅಲ್ಲಿಯೇ ಇದ್ದಾರಲ್ಲ ಎಂದರಂತೆ.

ಮೋಹನದಾಸರು ಹೇಮಾಕ್ಷಿಯನ್ನು ಒಳಗೆ ಕರೆದಾಗ ಗುರುವಪ್ಪ ಮೊದಲೇ ಅಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ. ಮೇಜಿನ ಮೇಲೆ ಟೈಪಾದ ಒಂದು ಹಾಳೆ. ಪಹಣಿಯ ಪ್ರಕಾರ ಪಡುಬೈಲು ಏಕಬೆಳೆಯ ಉಪ್ಪುಗದ್ದೆ ಎಂದಿತ್ತು. ಶಾನುಭೋಗರು ಹಳೆಯದನ್ನೇ ವರ್ಷ ವರ್ಷ ನಕಲು ಮಾಡುತ್ತ ಬಂದಿದ್ದರು. ಬೆಳೆ ಬಂದ ಖುಷಿಯಲ್ಲಿ ಅದನ್ನು ತಿದ್ದಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

"ಸುಗ್ಗಿ ಉಂಟಲ್ಲ ಸರ್," ಎಂದಳು ಹೇಮಾಕ್ಷಿ. "ನೀವೇ ನೋಡಿದ್ದೀರಿ."

"ನಾನು ನೋಡಿದ್ದು ದಾಖಲೆಯಲ್ಲಿ ಇಲ್ಲ. ದಾಖಲೆಯಲ್ಲಿ ಇದ್ದದ್ದನ್ನು ಬರೆದರೆ ಅದು ಸುಳ್ಳಾಗುವುದಿಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. ಅವರ ಮುಖದಲ್ಲಿ ಸುಖವೇನೂ ಇರಲಿಲ್ಲ. ಮೇಲಿನಿಂದ ಎರಡು ಸಲ ಫೋನು ಬಂದಿದೆ ಎಂದರು. ಅವಳನ್ನು ಖಾಯಂ ಮಾಡುವ ಫೈಲು ಅದೇ ಮೇಲಿನವರ ಮೇಜಿನಲ್ಲಿ ಉಂಟೆಂದೂ, ತಾನು ಇದನ್ನು ಹೆದರಿಸಲಿಕ್ಕೆ ಹೇಳುವುದಲ್ಲವೆಂದೂ ಸೇರಿಸಿದರು. ಕೊನೆಗೆ ಹಾಳೆಯನ್ನು ಅವಳ ಕಡೆಗೆ ತಿರುಗಿಸಿದರು. "ಗುರುವಪ್ಪ ಸಹಿ ಹಾಕಿ ಆಯಿತು. ಈಗ ನೀವು ಬೇರೆ ಬರೆದರೆ ಅವರು ಸುಳ್ಳುಗಾರರಾಗ್ತಾರೆ. ನಾವು ಒಂದು ಟೀಮ್ ಅಲ್ವ ಹೇಮಾಕ್ಷಿ? ಎಲ್ಲರದ್ದೂ ಒಂದೇ ಮಾತು ಬೇಕು."

ಹೇಮಾಕ್ಷಿ ಗುರುವಪ್ಪನನ್ನು ನೋಡಿದಳು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದ ಆ ಮನುಷ್ಯ ತನ್ನ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಅವನು ಒಂದು ಮಾತು ಆಡಿದ್ದರೆ ಅವಳು ಬಹುಶಃ ಎದ್ದು ಹೋಗುತ್ತಿದ್ದಳು. ಅವಳಿಗೆ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ನೆನಪಾದಳು, ಮುಂದಿನ ಆರು ತಿಂಗಳು ನೆನಪಾಯಿತು. ಸಹಿ ಹಾಕಿದಳು. ಪೆನ್ನು ಮುಚ್ಚಿ, ಹಾಳೆಯ ಅಂಚು ನೇರಮಾಡಿ ಕೊಟ್ಟಳು. ಆ ಅಚ್ಚುಕಟ್ಟೇ ಅವಳನ್ನು ಬಹಳ ದಿನ ಕಾಡಿತು.

ನಾಲ್ಕನೆಯ ದಿನ ಕುಶಲಕ್ಕ ಕಚೇರಿಗೆ ಬಂದಳು. ಕಾವೂರಿನಿಂದ ಬಸ್ಸು ಹಿಡಿದು, ಸೆರಗಿನಲ್ಲಿ ಸುಗ್ಗಿಯ ಎಳೆ ಪೈರಿನ ಒಂದು ಸೂಡಿ ಸುತ್ತಿಕೊಂಡು, ಬೇರಿನ ಮಣ್ಣೂ ಉದುರದ ಹಾಗೆ ತಂದಿದ್ದಳು.

"ಸರ್ವೆಯವರು ಇಲ್ಲಿ ಸುಗ್ಗಿಯೇ ಇಲ್ಲ ಅಂತ ಹೇಳ್ತಾರೆ ಮಗಾ," ಎಂದು ಅದನ್ನು ಹೇಮಾಕ್ಷಿಯ ಮೇಜಿನ ಮೇಲಿಟ್ಟಳು. "ನೀನೊಂದು ಕಾಗದ ಬರೆದು ಕೊಡು. ನಿನ್ನ ಮಾತು ಅವರು ಕೇಳ್ತಾರೆ."

ಆಗಲೇ ಹೇಳಿಬಿಡಬೇಕಿತ್ತು. ಸಾಹೇಬರು ಕ್ಯಾಂಪಿನಲ್ಲಿದ್ದಾರೆ, ಬಂದ ಮೇಲೆ ನೋಡುವ ಎಂದಳು ಹೇಮಾಕ್ಷಿ. ಕುಶಲಕ್ಕ ನಂಬಿದಳು. ಎದ್ದು ಹೋಗುವಾಗ, ನೀನು ತುಂಬಾ ಸೊರಗಿದ್ದಿ, ಊಟ ಸರಿ ಮಾಡು ಎಂದೂ ಹೇಳಿಹೋದಳು.

ಸತ್ಯ ಹೇಳಿದ್ದು ಅಲೆಕ್ಸ್. ಡ್ರೈವರನ ಸಹಿ ಯಾರಿಗೂ ಬೇಕಾಗಿರಲಿಲ್ಲವಾದ್ದರಿಂದ ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಟೈಪಿಸ್ಟನಿಂದ ವಿಷಯ ತಿಳಿದವನು ಅದೇ ಸಂಜೆ ಸೈಕಲ್ಲಿನಲ್ಲಿ ಪಡುಬೈಲಿಗೆ ಹೋಗಿ, ಮಮ್ಮು ಬ್ಯಾರಿಯ ಜಗಲಿಯಲ್ಲಿ ನಿಂತು, ಮೂವರ ಹೆಸರನ್ನೂ ಹೇಳಿದ. ಊರವರು ವಕೀಲರನ್ನು ಹಿಡಿದರು, ಅರ್ಜಿ ಹಾಕಿದರು. ವಕೀಲರು ತೋರಿಸಿದ ಪೇಪರಿನ ಫೋಟೋದಲ್ಲಿ ನಾಲ್ಕು ಮುಖಗಳಿದ್ದವು, ಬೆಳೆ ಇರಲಿಲ್ಲ. ಕಚೇರಿಯ ವರದಿಯೇ ನಿಂತಿತು. ಅಲೆಕ್ಸನಿಗೆ ತಿಂಗಳೊಳಗೆ ಘಟ್ಟದ ಮೇಲಕ್ಕೆ ವರ್ಗವಾಯಿತು. ಹೋಗುವ ದಿನ ಅವನು ಹೇಮಾಕ್ಷಿಯ ಮೇಜಿನ ಹತ್ತಿರ ಬಂದು ನಿಂತ.

"ನನ್ನನ್ನೂ ಒಂದು ಮಾತು ಕೇಳಬಹುದಿತ್ತು ನೀವು," ಎಂದ. "ಕಲ್ಲು ಹೊತ್ತದ್ದು ನಾನು ಸಹ ಅಲ್ವ."

ಹೇಮಾಕ್ಷಿ ಎದುರಿದ್ದ ಫೈಲಿನ ಹಾಳೆ ತಿರುವಿದಳು.

ಎಂಬತ್ತಮೂರರ ಮಳೆ ಮುಗಿದೊಡನೆ ಬೈಲಿಗೆ ಮಣ್ಣು ಬಿತ್ತು. ಲಾರಿಗಳು ಹೋಗಿ ಬಂದು ಕಟ್ಟ ಕುಸಿಯಿತು. ನಲವತ್ತೊಂದು ಮನೆಗಳಲ್ಲಿ ಕೆಲವರು ಕಾಟಿಪಳ್ಳದ ಕಡೆಗೆ ಹೋದರು, ಕೆಲವರು ಎಲ್ಲಿಗೆ ಹೋದರೆಂದು ಅವಳು ವಿಚಾರಿಸಲಿಲ್ಲ. ಕುಶಲಕ್ಕ ಮೂಲ್ಕಿಯ ತಂಗಿಯ ಮನೆಯಲ್ಲಿ ತೀರಿಕೊಂಡ ಸುದ್ದಿ ಒಂದು ವರ್ಷ ಕಳೆದು ಸಿಕ್ಕಿತು. ಹೇಮಾಕ್ಷಿ ಖಾಯಂ ಆದಳು. ಮೋಹನದಾಸರಿಗೆ ಬಡ್ತಿ ಬಂತು. ಗುರುವಪ್ಪ ನಿವೃತ್ತನಾದ ದಿನ ಕಚೇರಿಯವರು ಹಾರ ಹಾಕಿ, ಹಿಂದಿನ ಒಗ್ಗಟ್ಟನ್ನು ನೆನೆದು ಭಾಷಣ ಮಾಡಿದರು. ಅವನು ಬೋಂಡ ಮುಟ್ಟದೆ ಮನೆಗೆ ಹೋದ.

ಎಂಬತ್ತಾರರಲ್ಲಿ ಹೊಸದಾಗಿ ಸೇರಿದ ಕೃಷಿ ಸಹಾಯಕರಿಗೆ ಮಂಗಳೂರಿನಲ್ಲಿ ತರಬೇತಿ ನಡೆಯಿತು. ಒಗ್ಗಟ್ಟಿನ ಕೆಲಸ ಮತ್ತು ಹಳ್ಳಿಯ ಪ್ರಗತಿ ಎಂಬ ವಿಷಯಕ್ಕೆ ಪಡುಬೈಲಿನ ಉದಾಹರಣೆ ಹೇಳಲು ಹೇಮಾಕ್ಷಿಯನ್ನೇ ಕರೆಸಿದರು. ಮೇಲಧಿಕಾರಿಯಾಗಿ ಮೋಹನದಾಸರು ಮುಂದಿನ ಸಾಲಿನಲ್ಲಿದ್ದರು. ಅವಳು ಬೀಡಿಯ ಸೂಪಿನಿಂದ ಹಿಡಿದು ಮೊದಲ ಸುಗ್ಗಿಯವರೆಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಆ ದಿನಗಳ ಸಂತೋಷ ಬಂತು, ಸಭೆಯೂ ನಕ್ಕಿತು. ಮುಗಿದ ಮೇಲೆ ಸ್ನೇಹಲತಾ ಎಂಬ ಹುಡುಗಿ ಎದ್ದು, ತಾವೆಲ್ಲ ಒಂದು ದಿನ ಹೋಗಿ ಆ ಬೈಲನ್ನು ನೋಡಬಹುದಾ, ಈಗ ಎಂತ ಬೆಳೆಯುತ್ತಾರೆ ಎಂದು ಕೇಳಿದಳು.

"ಈಗ ಬೈಲು ಇಲ್ಲ. ಕ್ವಾರ್ಟರ್ಸ್ ಉಂಟು," ಎಂದಳು ಹೇಮಾಕ್ಷಿ. "ಅಲ್ಲಿ ಎರಡು ಬೆಳೆ ಇಲ್ಲ ಅಂತ ನಾವು ಬರೆದುಕೊಟ್ಟೆವು. ನಾನು ಸಹ ಸಹಿ ಹಾಕಿದ್ದೇನೆ."

ಮೋಹನದಾಸರು ಗಡಿಯಾರ ನೋಡಿ ಎದ್ದುನಿಂತು, ಸಮಯ ಮೀರಿತೆಂದೂ ಚಹಾ ಬಂದಿದೆಯೆಂದೂ ಹೇಳಿದರು. ಕುರ್ಚಿಗಳು ಸರಿದವು. ಚಹಾದ ಹೊತ್ತಿಗೆ ಅವಳ ಹತ್ತಿರ ಯಾರೂ ಬರಲಿಲ್ಲ, ಪ್ರಶ್ನೆ ಕೇಳಿದ ಹುಡುಗಿಯೂ ಬರಲಿಲ್ಲ. ಮುಂದಿನ ವರ್ಷದ ತರಬೇತಿಯಲ್ಲಿ ಪಡುಬೈಲಿನ ಕಥೆಯನ್ನು ಬೇರೆಯವರು ಹೇಳಿದರು. ಮೊದಲ ಸುಗ್ಗಿಯವರೆಗೆ ಹೇಳಿ ನಿಲ್ಲಿಸಿದರಂತೆ.