ಅಮ್ಮ ಮಾಡಿಕೊಟ್ಟ ಪರಿಚಯ

ಕಾನಹೊಸಹಳ್ಳಿಯ ಸುತ್ತಮುತ್ತ ಯಾವ ಸಭೆಯೇ ಇರಲಿ, ಮೈಕ್‌ಸೆಟ್ ನನ್ನದು, ಅತಿಥಿಗಳ ಪರಿಚಯ ನಮ್ಮಮ್ಮ ದಾಕ್ಷಾಯಣಮ್ಮನದು. ಬಂದವರ ಬಗ್ಗೆ ನಾಲ್ಕು ಮಾತಾಡಿ ಕೂರುವವಳಲ್ಲ ಅವಳು. ಮೊದಲೇ ಅವರ ಮನೆಗೆ ಫೋನು ಮಾಡಿ, ಹೆಂಡತಿಯನ್ನೋ ತಾಯಿಯನ್ನೋ ಮಾತಿಗೆಳೆದು, ಓದು, ಉದ್ಯೋಗ, ಸನ್ಮಾನ ಎಲ್ಲವನ್ನೂ ಕೇಳಿಟ್ಟುಕೊಳ್ಳುತ್ತಾಳೆ. ಒಂದನ್ನು ಬಿಟ್ಟರೂ ಅತಿಥಿಗೆ ಅವಮಾನ ಎಂದು ಅವಳ ನಂಬಿಕೆ.

ಇದು ಎರಡು ಸಾವಿರದ ಏಳರ ಮಾತು. ನನ್ನ ಹೆಂಡತಿ ಸುಮಲತಾ ಗುರುಸಂಗಪ್ಪನವರ ಶಾಲೆಯಲ್ಲಿ ವಿಜ್ಞಾನದ ಟೀಚರು. ಗುರುಸಂಗಪ್ಪನವರಿಗೆ ಶಾಲೆಯ ಜೊತೆಗೆ ಕಲ್ಲಿದ್ದಲು ಉರಿಸಿ ಕಬ್ಬಿಣ ಮಾಡುವ ಕಾರ್ಖಾನೆಯೂ ಇತ್ತು. ಕಲ್ಲಿದ್ದಲ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ ಎಂದು ಇವಳು ಪಾಠ ಮಾಡಿದಳು. ಮಕ್ಕಳು ಸುಮ್ಮನಿರುತ್ತವೆಯೇ? ಶಾಲೆಗೆ ಬಂದ ಗುರುಸಂಗಪ್ಪನವರನ್ನೇ, "ನಿಮ್ಮ ಕಾರ್ಖಾನಿ ಯಾವಾಗ ಬಂದ್ ಮಾಡ್ತೀರಿ ಸರ್?" ಎಂದು ಕೇಳಿದವು.

ಅವರು ಕೆಂಡವಾದರು. "ನೋಡ್ರಿ ಟೀಚರ್, ಭೂಮಿ ಬಿಸಿ ಆಗೂದೆಲ್ಲ ಬರೇ ಗುಲ್ಲು. ಹುಬ್ಬಳ್ಳಿಯಿಂದ ವಿಜ್ಞಾನಿ ಜಂಬಣ್ಣನವರನ್ನ ಕರಸ್ತೀನಿ. ಭಾನುವಾರ ಅವರ ಭಾಷಣ ಮುಗಿದ ಮ್ಯಾಲೆ, ನಾ ಕಲಿಸಿದ್ದು ತಪ್ಪು ಅಂತ ಎಲ್ಲರ ಮುಂದ ಹೇಳ್ರಿ. ಇಲ್ಲಾಂದ್ರ ಸೋಮವಾರದಿಂದ ಸಾಲಿಗೆ ಬರಬ್ಯಾಡ್ರಿ."

ಸುಮಲತಾಗೆ ಪಾಠ ಮಾಡುವುದೆಂದರೆ ಜೀವ. ಸುಳ್ಳು ಹೇಳುವುದು ಅವಳ ಜಾಯಮಾನವೇ ಅಲ್ಲ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಅಮ್ಮ ಮಾತ್ರ, "ಅಷ್ಟು ದೊಡ್ಡ ಮನುಷ್ಯಾರು ಸುಳ್ಳು ಹೇಳ್ತಾರೇನು? ತಪ್ಪಾತು ಅಂದ್ರ ಮುಗೀತು," ಎನ್ನುತ್ತಾ ಹುರುಪಿನಿಂದ ಫೋನಿನ ಮುಂದೆ ಕೂತಳು. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಶಾಲೆಯ ಅಂಗಳ ತುಂಬಿತ್ತು. ಅಮ್ಮ ರೇಷ್ಮೆ ಸೀರೆಯುಟ್ಟು ಮೈಕಿನ ಮುಂದೆ ನಿಂತಳು. ಜಂಬಣ್ಣನವರ ಹುಟ್ಟೂರು, ಓದು, ಪದಕ ಎಲ್ಲ ಆದವು. "ಇಷ್ಟ ಅಲ್ರಿ," ಎಂದು ದನಿಯೇರಿಸಿದಳು. "ಮಾನ್ಯರು ಕಲ್ಲಿದ್ದಲು ಮಾರೋ ದೊಡ್ಡ ಕಂಪನಿಗೆ ಸಲಹೆಗಾರರು. ಭೂಮಿ ಬಿಸಿ ಆಗಿಲ್ಲ ಅಂತ ಊರೂರು ತಿರುಗಿ ಭಾಷಣ ಮಾಡಿದ್ದಕ್ಕ ಕಂಪನಿಯವ್ರು ಮೆಚ್ಚಿ ಮನಿ ಕಟ್ಟಿಸಿಕೊಟ್ಟಾರ ಅಂತ ಇವರ ಮನಿಯವ್ರೇ ಹೆಮ್ಮಿಯಿಂದ ಹೇಳಿದ್ರು."

ಜಂಬಣ್ಣನವರು ಅವಳತ್ತ ಬಾಗಿ, "ಅದನ್ನ ಬಿಡ್ರಿ ತಾಯಿ," ಎಂದು ಪಿಸುಗುಟ್ಟಿದರು. ಎಂಥ ವಿನಯ ಎಂದು ಅಮ್ಮನಿಗೆ ಗೌರವ ಇನ್ನೂ ಹೆಚ್ಚಿತು. "ಬಿಡೂದ್ಯಾಕ್ರಿ? ದುಡಿದು ಪಗಾರ ತಗೊಳ್ಳೂದು ಮರ್ಯಾದಿ ಕೆಲಸ ಅಲ್ಲೇನು?" ಎಂದು ಮೈಕಿನಲ್ಲೇ ಕೇಳಿದಳು. ನಾನು ವಾಲ್ಯೂಮ್ ಸ್ವಲ್ಪ ಏರಿಸಿದೆ.

ಜಂಬಣ್ಣನವರು ಎದ್ದು, ಬರೆದು ತಂದದ್ದನ್ನೇ ಓದಲು ಶುರು ಮಾಡಿದರು: "ನಾನು ಯಾರ ಕಡೆಯವನೂ ಅಲ್ಲ." ಜನ ಬಿದ್ದು ಬಿದ್ದು ನಕ್ಕರು. ಅವರು ಭಾಷಣವನ್ನು ಅರ್ಧಕ್ಕೇ ಮಡಚಿಟ್ಟರು. ಮುಂದೆ ಕೂತಿದ್ದ ಮೆಕ್ಯಾನಿಕ್ ಅಬ್ದುಲ್ ವಹಾಬರು, "ಈಗ ನಮ್ಮ ಹುಡುಗ್ರ ಟೀಚರ್ ಮಾತಾಡ್ಲಿ," ಎಂದರು.

ಸುಮಲತಾ ಎದ್ದಳು. "ಪಗಾರ ತಗೊಂಡ ಮಾತ್ರಕ್ಕ ಇವರ ಮಾತು ಸುಳ್ಳಾಗೂದಿಲ್ಲ. ಅದನ್ನ ಮುಚ್ಚಿಟ್ಟಿದ್ದು ತಪ್ಪು. ಮಾತು ಸುಳ್ಳು ಅನ್ನಾಕ ಬ್ಯಾರೆ ಪುರಾವಿ ಐತಿ," ಎಂದು ದೇಶದೇಶಗಳಲ್ಲಿ ವರ್ಷವರ್ಷವೂ ಅಳೆದಿಟ್ಟ ತಾಪಮಾನದ ಲೆಕ್ಕವನ್ನೆಲ್ಲ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. "ಇದರಾಗ ಯಾವುದು ತಪ್ಪೈತಿ ಹೇಳ್ರಿ ಸರ್," ಎಂದಳು. ಜಂಬಣ್ಣನವರು ಬಸ್ಸಿಗೆ ಹೊತ್ತಾಯಿತು ಎಂದರು.

ಚಪ್ಪಾಳೆ ನಿಲ್ಲಲೇ ಇಲ್ಲ. ಗುರುಸಂಗಪ್ಪನವರು ತುಂಬಿದ ಅಂಗಳವನ್ನೊಮ್ಮೆ ನೋಡಿ, "ಸೋಮವಾರ ಬರ್ರಿ ಟೀಚರ್," ಎಂದರು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಮನೆಗೆ ಬಂದರೆ ಅಮ್ಮ ಮುಖ ಊದಿಸಿಕೊಂಡು ಕೂತಿದ್ದಳು.

"ಅಷ್ಟು ಛಲೋ ಪರಿಚಯ ಮಾಡಿದ್ರ ನಕ್ಕುಬಿಟ್ರು. ಹಂಗಾರ ಭೂಮಿ ಖರೇನ ಬಿಸಿ ಆಗಾಕ ಹತ್ತೈತೇನು?"

"ಹೌದ್ರಿ ಅತ್ತಿ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಎಷ್ಟೋ ಸಲ ಹೇಳೀನಿ. ನೀವು ಕೇಳ್ಲಿಲ್ರಿ."

ಅಮ್ಮ ಸರಿದು ಮಂಚದ ಮೇಲೆ ಸೊಸೆಗೆ ಜಾಗ ಮಾಡಿದಳು.

"ಬಾ, ಇಲ್ಲಿ ಕೂತ್ಕೊಂಡು ಹೇಳು. ಒಂದೂ ಬಿಡಬ್ಯಾಡ."

ಆವತ್ತು ನಮ್ಮ ಮನೆಯಲ್ಲಿ ರೊಟ್ಟಿ ಬಡಿದವನು ನಾನು.