ಹದಿನೇಳನೆಯ ಸಾಲು

ಯೂರೋಪಿನ ದೇಶಗಳೊಡನೆ ಬರುವ ವರ್ಷಕ್ಕೆ ಏನೇನು ಮಾತಾಡಿ ಗಿಟ್ಟಿಸಿಕೊಳ್ಳಬೇಕೆಂಬ ಯೋಜನೆಯಲ್ಲಿ ಹದಿನೇಳನೆಯ ಸಾಲು ಪರಸ್ಕೊವಿಯಾಳದು. ಇಟಲಿಯಲ್ಲಿ ಮುದುಕರ ಸೇವೆಗೆ ನಿಂತ ಮಾಲ್ಡೋವಾದ ಹೆಂಗಸರ ದುಡಿಮೆಯ ವರ್ಷಗಳು ತವರಿನ ಪಿಂಚಣಿಗೂ ಸೇರಬೇಕು, ಅಷ್ಟೇ. ಅಷ್ಟಕ್ಕೇ ಅವಳು ರಾಜಧಾನಿ ಕಿಶಿನೌದಲ್ಲಿ ತಾನು ಕೆಲಸ ಮಾಡುವ ವಿದೇಶಾಂಗ ಕಚೇರಿಯಲ್ಲಿ ಆರು ವರ್ಷ ಕಂಡಕಂಡವರ ಕೈಕಾಲು ಹಿಡಿದಿದ್ದಳು. ಅವಳ ಅಕ್ಕ ಅಗಾಫಿಯಾ ಹದಿನಾರು ವರ್ಷದಿಂದ ಇಟಲಿಯ ಪಾದುವಾದಲ್ಲಿ ಪರರ ಮುದುಕಿಯರನ್ನು ಎತ್ತಿ ಮಲಗಿಸಿ ಸೊಂಟ ಕಳೆದುಕೊಂಡವಳು. ಸಾಲು ಒಪ್ಪಿಗೆಯಾದರೆ ಊರಿಗೆ ಬಂದುಬಿಡುತ್ತಾಳೆ. ಇಲ್ಲವೆಂದರೆ ಇನ್ನೂ ಎತ್ತುತ್ತಲೇ ಇರಬೇಕು.

ಈ ಸಲ ವಿಭಾಗದ ಮುಖ್ಯಸ್ಥ ಯೂರಿಯೆ ತಕರಾರೆತ್ತದೆ ಸಾಲನ್ನು ಸೇರಿಸಿಕೊಂಡ. ಹಿಂದೆ ಅವಳ ಕೈಕೆಳಗೇ ಕೆಲಸ ಕಲಿತವನು. ಖುಷಿಗೆ ಅವಳು ಇಡೀ ಮಹಡಿಗೆ ಚೀಸ್ ತುಂಬಿದ ಪ್ಲಚಿಂತಾ ಹಂಚಿದಳು. ಪಾಪ, ಹುಚ್ಚಿ!

ಯೂರೋಪಿನವರೊಡನೆ ಮಾತುಕತೆ ಮುಗಿದ ಮಧ್ಯಾಹ್ನ ಯೂರಿಯೆ ಸಿಳ್ಳೆ ಹಾಕುತ್ತ ಬಂದ. ರಸ್ತೆಗೆ ದುಡ್ಡು ಸಿಕ್ಕಿತ್ತು, ವಿದ್ಯಾರ್ಥಿಗಳ ವೀಸಾ ಸಿಕ್ಕಿತ್ತು, ವೈನ್ ಮಾರಾಟಕ್ಕೆ ಒಪ್ಪಿಗೆಯೂ ಸಿಕ್ಕಿತ್ತು.

"ಹದಿನೇಳು?"

"ಅದನ್ನ ಬಿಟ್ಟುಕೊಟ್ವಿ ಮೇಡಂ. ಅವರಿಗೂ ಏನೋ ಗೆದ್ದ ಹಾಗೆ ಅನ್ನಿಸ್ಬೇಕಲ್ಲ?"

"ಬಿಡೋಕೆ ಅದೇ ಬೇಕಿತ್ತಾ? ವೈನ್ ಇರ್ಲಿಲ್ವಾ?"

"ವೈನ್ ಬಿಟ್ರೆ ನಾಳೆನೇ ವೈನಿನೋರು ಬಾಗಿಲಲ್ಲಿ ನಿಂತು ಬಾಯಿ ಬಡ್ಕೋತಾರೆ. ನೀವೇ ಹೇಳ್ಕೊಟ್ಟಿದ್ದು ಮರೆತ್ರಾ? ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಕೊಡೋಕೇ ಅಂತ ಇರ್ಬೇಕು, ಅದೂ ಯಾರೂ ಕೂಗಾಡದೇ ಇರೋವಂಥದ್ದು ಅಂತ?"

ಹೇಳಿಕೊಟ್ಟಿದ್ದಳು. ಅವನೊಬ್ಬನಿಗಲ್ಲ, ಬಂದ ಹೊಸಬರಿಗೆಲ್ಲ, ಕಾಫಿ ಕುಡಿಯುತ್ತ, ಮಹಾ ಜಾಣತನವೆಂಬಂತೆ ನಗುತ್ತ ಹೇಳಿಕೊಟ್ಟಿದ್ದಳು. ಅವಳೇ ಬಿಟ್ಟುಕೊಟ್ಟ ಸಾಲುಗಳಲ್ಲಿ ಯಾರ್ಯಾರ ಅಕ್ಕಂದಿರಿದ್ದರೋ, ದೇವರೇ ಬಲ್ಲ. ಈಗ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಯಾವ ಮುಖ ಇಟ್ಟುಕೊಂಡು ಬಾರಿಸುವುದು?

ಸಂಜೆ ಅಕ್ಕನ ಫೋನು ಬಂತು.

"ಏನಾಯ್ತೇ?"

"ಆಗ್ಲಿಲ್ಲ ಅಕ್ಕಾ. ಈ ಸಲಾನೂ ಆಗ್ಲಿಲ್ಲ."

ಅತ್ತ ಕಡೆ ಯಾರೋ ಮುದುಕಿ ಕೂಗಿದಳು. ಅಗಾಫಿಯಾ ಅವಳಿಗೆ ಇಟಾಲಿಯನ್‌ನಲ್ಲಿ ಬಂದೆ ಬಂದೆ ಎಂದು ಹೇಳಿ, ಮತ್ತೆ ತಂಗಿಯ ಕಡೆ ತಿರುಗಿದಳು.

"ಅಳ್ಬೇಡ ಕಣೇ. ನೀನೇನ್ ಮಾಡ್ತೀಯ, ನಿನ್ ಕೈಲಾದಷ್ಟು ಮಾಡ್ದೆ. ನಮ್ಮಂಥೋರ ಬಾಯಿಗೆ ಮಣ್ಣು ಹಾಕೋ ಬುದ್ಧೀನ ಅವರಿಗೆ ಯಾರು ಹೇಳ್ಕೊಟ್ರೋ, ಅವರ ಮನೆ ಹಾಳಾಗ!"

"ಹೂಂ ಅಕ್ಕಾ," ಎಂದಳು ಪರಸ್ಕೊವಿಯಾ.